ಪಾಲಿನ ಕೋಳಿ

೯ ಜೂನ್ ೧೯೯೬, ಭಾನುವಾರ, ಬೆಳಿಗ್ಗೆ

ಎದ್ದಾಗ ಅಂಗಳ ಗುಡಿಸಿ ಆಗಿತ್ತು. ನೀರು ಹಿಡಿದು ಆಗಿತ್ತು. ಟೀ ಕೂಡ. ನನ್ನ ಲೋಟಕ್ಕೆ ತಟ್ಟೆ ಮುಚ್ಚಿಟ್ಟು, ತಾವು ಹಿತ್ತಲ ಮೆಟ್ಟಿಲ ಮೇಲೆ ಕೂತು ಕುಡಿಯುತ್ತಿದ್ದರು. ಇಪ್ಪತ್ತಾರು ದಿನದಿಂದ ಹೀಗೇ. ರಾಚಮ್ಮ ಈ ಮನೆಯಲ್ಲಿ ಕೆಲಸ ಮಾಡದೆ ಒಂದು ತುತ್ತೂ ಉಂಡಿಲ್ಲ.

ಗಂಟು ಇನ್ನೂ ಮೊಳೆಯಲ್ಲೇ. ಕೆಂಪು ಅಂಚಿನ ಹಳೇ ಸೀರೆಯ ಗಂಟು. ಬೇಕಾದ್ದು ತೆಗೆದುಕೊಂಡು ಮತ್ತೆ ಬಿಗಿದು ನೇತುಹಾಕುತ್ತಾರೆ. ಬೀರುವಿನಲ್ಲಿ ಒಂದು ಖಾನೆ ಖಾಲಿ ಮಾಡಿಕೊಟ್ಟೆ. "ಇರ್ಲಿ ಮೇಡಮ್ಮೋರೆ, ಹತ್ತು ದಿನಕ್ಕ ಯಾಕ?"

ಮೇಡಮ್ಮೋರೆ! ಅಪ್ಪನ ಜೊತೆ ಮೂವತ್ತೊಂದು ವರ್ಷ ಬಾಳಿದವರು. ಅಮ್ಮ ಹೋದ ಮೇಲೆ, ಪುಣಜನೂರಿನಲ್ಲಿ ಫಾರೆಸ್ಟ್ ಗಾರ್ಡ್ ಆಗಿದ್ದಾಗ, ಅಪ್ಪ ಕೂಡಾವಳಿ ಮಾಡಿಕೊಂಡದ್ದು. ವಾಲಗವಿಲ್ಲ, ಚಪ್ಪರವಿಲ್ಲ. ನಾಲ್ಕು ಜನರ ಎದುರು ಒಂದು ಸೀರೆ, ಅಷ್ಟೆ. ನಾನಾಗ ಮೈಸೂರಿನ ಹಾಸ್ಟೆಲಿನಲ್ಲಿ. ರಜೆಗೆ ಹೋದರೂ ಅವರನ್ನು ಏನೆಂದೂ ಕರೆಯುತ್ತಿರಲಿಲ್ಲ. "ಇಲ್ನೋಡಿ" ಎನ್ನುತ್ತಿದ್ದೆ. ಈಗಲೂ ಅದೇ. ಎಂ.ಎ. ಕನ್ನಡ. ಕಾಲೇಜಿನಲ್ಲಿ ಮಕ್ಕಳಿಗೆ ಸಂಬೋಧನಾ ವಿಭಕ್ತಿ ಹೇಳಿಕೊಡುತ್ತೇನೆ.

ಫೆಬ್ರವರಿಯಲ್ಲಿ ಅಪ್ಪ ಹೋದರು. ಇವರು ಆ ಬಾಡಿಗೆ ಮನೆ ಬಿಡಬೇಕಾಯಿತು. ಕರೆದೆ, ಬಂದರು. ಇಲ್ಲಿಂದ ಬದನಗುಪ್ಪೆಗೆ ಹೋಗುತ್ತಾರಂತೆ, ತಂಗಿಯ ಮಗಳು ಕುಮಾರಿಯ ಮನೆಗೆ.

ಹೋಗಬೇಡಿ ಅನ್ನಬೇಕು. ಯಾವ ಬಾಯಲ್ಲಿ ಅನ್ನಲಿ...

೧೨ ಜೂನ್

ಸಂಜೆ ಹಿತ್ತಲಲ್ಲಿ ಪುಸ್ತಕ ಹಿಡಿದು ಕೂತಿದ್ದೆ. ರಾಚಮ್ಮ ನುಗ್ಗೆ ಮರದ ಬುಡದಲ್ಲಿ ಸೊಂಟದ ಮೇಲೆ ಕೈಯಿಟ್ಟು ನಿಂತು, ಯಾರಿಗೋ ಎಂಬಂತೆ ಹೇಳಿದರು:

"ಇಷ್ಟಗಲ ಹಿತ್ಲು. ಒಂದ್ ಕೋಳಿ ಕೆದ್ಕಲ್ವಲ್ಲ."

ಕೇಳದೆ ಆಡಿದ ಮೊದಲ ಮಾತು. ಪದ್ಯ ಎಲ್ಲಿ ಬಿಟ್ಟೆನೋ ಮರೆತೇ ಹೋಯಿತು.

೧೫ ಜೂನ್

ಕಾಲೇಜು ಕೆಲಸಕ್ಕೆ ಚಾಮರಾಜನಗರಕ್ಕೆ ಹೋಗಿದ್ದೆ. ಬರುವಾಗ ಪಶುವೈದ್ಯ ಆಸ್ಪತ್ರೆಯಲ್ಲಿ ಕೋಳಿ ಸಾಕಣೆಯ ಕಿರುಹೊತ್ತಗೆ ಇಸಿದುಕೊಂಡೆ. ಬಸ್ಸಿನಲ್ಲೇ ಓದಿ ಮುಗಿಸಿದೆ. ಗಿರಿರಾಜ ತಳಿ ಒಳ್ಳೆಯದಂತೆ. ಮೈ ತುಂಬ ಬೆಳೆಯುತ್ತದೆ, ದೊಡ್ಡ ಮೊಟ್ಟೆ.

ಮನೆಗೆ ಬಂದು ಗಟ್ಟಿಯಾಗಿ ಓದಿದೆ. ರಾಚಮ್ಮ ಸೊಪ್ಪು ಸೋಸುತ್ತಾ ಕೇಳಿದರು.

"ಕಾವು ಕೂರ್ತದ?"

ಪುಟ ತಿರುವಿದೆ. ಹೊತ್ತಗೆಯಲ್ಲಿ ಅದಿಲ್ಲ.

"ಕೂರಲ್ಲ ಅದು. ಇಕ್ಬುಟ್ಟು ತಿರ್ಗೂ ನೋಡಲ್ಲ. ಪುಣಜನೂರಲ್ಲಿ ಪಕ್ಕದ ಗಾರ್ಡ್ ಮನೇಲಿ ತಂದಿದ್ರು. ಆನೆಮರಿ ಹಂಗ ಓಡಾಡ್ತಿತ್ತು." ನಕ್ಕರು. ಸೆರಗಿನಿಂದ ಬಾಯಿ ಮುಚ್ಚಿಕೊಂಡರು. "ನಾಟಿದೇ ತರನ. ಸಂತಗ ಓಗನ."

ಹೋಗನ. ಇಬ್ಬರೂ ಸೇರಿ ಎಂದರ್ಥ. ಎಷ್ಟೋ ಹೊತ್ತು ಆ ಕ್ರಿಯಾಪದವನ್ನೇ ಇಟ್ಟುಕೊಂಡು ಕೂತಿದ್ದೆ.

೨೦ ಜೂನ್, ಸಂಜೆ

ರಜೆ ಹಾಕಿ ತೆರಕಣಾಂಬಿ ಸಂತೆಗೆ. ಕಾಲು ಕಟ್ಟಿದ ಕೋಳಿಗಳು ಸಾಲಾಗಿ, ಸೋತ ಮುಖ ಮಾಡಿಕೊಂಡು. ನಾನು ಮೊದಲ ಬುಟ್ಟಿಯ ಮುಂದೆಯೇ ನಿಂತುಬಿಟ್ಟೆ. ಬೂದು ಮೈ ತುಂಬ ಬಿಳಿ ಚುಕ್ಕಿಯ ಒಂದು ಕೋಳಿ. ರಾಚಮ್ಮ ತಿರುಗಿಯೂ ನೋಡಲಿಲ್ಲ.

ಅವರು ಆರಿಸುವುದು ನೋಡಬೇಕು. ರೆಕ್ಕೆ ಎತ್ತಿ ಬುಡ ಊದಿ ಹೇನು ನೋಡುವುದು. ಕೊಕ್ಕಿನ ಬಳಿ ಕಿವಿಯಿಟ್ಟು ಉಸಿರು ಕೇಳುವುದು. ಬಾಲದಡಿಯ ಎಲುಬುಗಳ ನಡುವೆ ಬೆರಳಿಡುವುದು. ಎರಡು ಬೆರಳು ಹಿಡಿದರೆ ಮೊಟ್ಟೆಗೆ ಬಂದಿದೆ, ಒಂದೇ ಹಿಡಿದರೆ ಇನ್ನೂ ಕಾಯಬೇಕು. ಎಲ್ಲಕ್ಕೂ ಮೊದಲು ಕಣ್ಣು. "ಕಣ್ಣಲ್ಲಿ ಕಳ್ತನ ಇರ್ಬೇಕು. ಮಂಕಾಗಿರೋದ ತರಬಾರ್ದು."

ಮಾರುವವನ ಹೆಸರು ಚಿಕ್ಕಮಾದು. ಬಾಯಿ ಜೋರು. "ದಿನ ಬುಟ್ಟು ದಿನ ಇಕ್ತದ ಕನವ್ವ, ನಾನೇ ಕಂಡಿವ್ನಿ."

"ನೀನೇ ಇಕ್ದಂಗ ಏಳ್ತಿದ್ದೀಯಲ್ಲ! ಏನ್ಲಾ ಇದು, ಗಂಟಲ ಚೀಲ ಇಷ್ಟು ಊದದ? ತೂಕಕ್ಕ ಮುದ್ದ ತುರುಕ್ದಾ?"

"ಬೆಳಿಗ್ಗೆ ಹೊಟ್ಟ ತುಂಬ ಉಂಡದ ಕನವ್ವ. ನಾನೇ ಉಂಡಿಲ್ಲ."

"ನಿನ್ನ ಬೆನ್ನ ಮ್ಯಾಲೆ ಮಾಂಸ ಇಲ್ಲ ಬುಡು, ನಿನ್ನ ಯಾರೂ ಕೊಳ್ಳಲ್ಲ."

ಸುತ್ತಲಿನವರೆಲ್ಲ ನಕ್ಕರು. ಚಿಕ್ಕಮಾದುವೂ. ಮೂರು ಕೋಳಿ, ಒಂದು ಹುಂಜ ಆಯಿತು. ನಾನು ಮೆಲ್ಲಗೆ ಚುಕ್ಕಿ ಕೋಳಿ ತೋರಿಸಿದೆ. ಕಾಲಿನ ಒರಟು ಪೊರೆ ಸವರಿ ನೋಡಿ, "ವಯಸಾಗದ. ಮೊಟ್ಟೆ ಕಮ್ಮಿ," ಎಂದರು.

"ಚೆನ್ನಾಗಿದೆ."

ನನ್ನನ್ನೇ ನೋಡಿದರು. "ನಿಮ್ಮಪ್ಪನೂ ಹಿಂಗೇ. ಹಸು ತರಕ್ಕ ಓಗಿ ಕೊಂಬು ಚಂದ ಅದ ಅಂತ ಬಂಜೆ ಹಸ ಹೊಡ್ಕಂಡು ಬಂದಿದ್ರು." ಚುಕ್ಕಿಯೂ ಬುಟ್ಟಿಗೆ ಬಂತು.

ಬಸ್ಸಿನಲ್ಲಿ ಕಂಡಕ್ಟರ್: "ಇವಕ್ಕೂ ಟಿಕೆಟ್ ಆಯ್ತದ ಕನವ್ವ." ರಾಚಮ್ಮ: "ಸೀಟ್ ಕೊಡು, ತಕ್ಕತ್ತವ."

ಮನೆಗೆ ಬಂದು ಒಂದೊಂದನ್ನೂ ಎದೆಗವಚಿ ಒರಳುಕಲ್ಲಿನ ಸುತ್ತ ಮೂರು ಸುತ್ತು ಬಂದರು. ಹಾಗೆ ಮಾಡಿದರೆ ಮನೆ ಮರೆಯುವುದಿಲ್ಲವಂತೆ. ನೋಡುತ್ತಾ ನಿಂತೆ. ಇವರನ್ನು ಯಾವ ಮನೆಯ ಒರಳನ್ನೂ ಯಾರೂ ಸುತ್ತಿಸಲಿಲ್ಲ.

೨೧ ಜೂನ್

ಎಲ್ಲ ಕೆಡಿಸಿದೆ.

ಬೆಳಿಗ್ಗೆ ಎಷ್ಟು ಖುಷಿಯಿಂದ ಹೇಳಿದೆ: "ಇಲ್ನೋಡಿ, ಈ ಕೋಳಿಗಳೆಲ್ಲ ನಿಮ್ಮವು. ಮೊಟ್ಟೆ, ಮರಿ ಎಲ್ಲ ನಿಮಗೇ."

ರಾಗಿ ಚೆಲ್ಲುತ್ತಿದ್ದ ಕೈ ನಿಂತಿತು. "ಪೂರ್ತಿ ನಂಗೇನಾ?"

"ಪೂರ್ತಿ."

"ಸರಿ ಬುಡಿ."

ಅಷ್ಟೆ. ಸಂಜೆ ಬಂದು ನೋಡಿದರೆ ಗಂಟು ಮೊಳೆಯಿಂದ ಇಳಿದು ಬಾಗಿಲ ಬಳಿ ಕೂತಿದೆ. ಪಕ್ಕದಲ್ಲಿ ಕೋಳಿ ಬುಟ್ಟಿ.

"ಸೋಮಾರ ಬದನಗುಪ್ಪಗ ಓಯ್ತಿನಿ ಮೇಡಮ್ಮೋರೆ. ಕೋಳಿನೂ ಕೊಟ್ಟಿದ್ದೀರಿ. ನಿಮ್ಮಿಂದ ಏನೂ ಕಮ್ಮಿ ಆಗ್ನಿಲ್ಲ."

ಸಿಟ್ಟಿಲ್ಲ. ಮುನಿಸಿಲ್ಲ. ಮರ್ಯಾದೆಯಿಂದ ಹೇಳಿದರು. ಏನು ತಪ್ಪು ಮಾಡಿದೆ?

೨೨ ಜೂನ್, ಮಧ್ಯಾಹ್ನ. ಸ್ಟಾಫ್ ರೂಮ್

ಅಟೆಂಡರ್ ಬೆಟ್ಟಯ್ಯನಿಗೆ ಹೇಳಿದೆ. ಪುಣಜನೂರಿನ ಕಡೆಯವನೇ. ತಲೆ ಮೇಲೆ ಕೈಹೊತ್ತ.

"ಎಂಥ ಕೆಲ್ಸ ಮಾಡ್ಬುಟ್ರಿ ಮೇಡಂ! ನಮ್ಮ ಕಡ ಕೋಳಿ ಪೂರ್ತಿ ಕೊಡೋದು ಮನೆ ಬುಟ್ಟು ಓಗೋರಿಗ. ಕೊಟ್ಟಿದ್ದಾಯ್ತು, ನಂಟು ತೀರ್ತು ಅಂತ. ಆಯಮ್ಮ ಇನ್ನೇನ್ ತಿಳ್ಕಬೇಕು?"

"ಮತ್ತೆ ಮನೆಯಲ್ಲಿ ಇರೋರಿಗೆ?"

"ಪಾಲಿಗ ಕೊಡದು. ಕೋಳಿ ಒಬ್ರುದು, ಸಾಕೋರು ಒಬ್ರು, ಮರಿ ಸರಿಪಾಲು. ಪಾಲು ಇರೋಗಂಟ ಯಾರೂ ಯಾರ್ನೂ ಬುಡಂಗಿಲ್ಲ."

ಪೂರ್ತಿ ಕೊಟ್ಟರೆ ಮುಗಿಯುತ್ತದೆ. ಅರ್ಧ ಕೊಟ್ಟರೆ ಉಳಿಯುತ್ತದೆ. ಇಪ್ಪತ್ತೆರಡು ವರ್ಷ ಪದ್ಯ ಪಾಠ ಮಾಡಿದ್ದೇನೆ. ಇಷ್ಟು ಗೊತ್ತಿರಲಿಲ್ಲ.

ಅದೇ ದಿನ, ಸಂಜೆ

ಮೆಟ್ಟಿಲ ಮೇಲೆ ಅವರ ಪಕ್ಕದಲ್ಲೇ ಕೂತೆ. ಮೊದಲ ದಿನ ಕ್ಲಾಸಿಗೆ ಹೋದ ಹಾಗೆ, ಹೇಳಬೇಕಾದ್ದನ್ನು ಮನಸ್ಸಲ್ಲೇ ಎರಡು ಸಲ ಓದಿಕೊಂಡೆ.

"ನಿನ್ನೆ ಹೇಳಿದ್ದು ತಪ್ಪಾಯ್ತು. ಕೋಳಿ ನನ್ನವು. ಪೂರ್ತಿ ಕೊಡೋಕಾಗಲ್ಲ. ಪಾಲಿಗೆ ಸಾಕ್ತೀರಾ?"

ಎಲೆಅಡಿಕೆ ಚೀಲ ಬಿಚ್ಚಿದರು. ವ್ಯವಹಾರಕ್ಕೆ ಕೂತ ಹಾಗೆ.

"ಮರಿ ಎಂಗೆ?"

"ಸರಿಪಾಲು."

"ಮೊಟ್ಟ?"

"ಮನೆಗೆ."

"ಮೇವು ಯಾರ್ದು?"

"ನಂದು."

"ಅದೆಲ್ಲ ಆಗಲ್ಲ. ಮೇವೂ ಅರ್ಧ ನಂದು. ಹಿತ್ಲಲ್ಲಿ ಸೊಪ್ಪು ಹಾಕಿ ಮಾರ್ತಿನಿ. ಅಲ್ಲ, ಮೇವೆಲ್ಲ ನೀನೇ ಹಾಕುದ್ರ ನಾನ್ ಸಾಕ್ದಂಗ ಎಂಗಾಯ್ತದ? ನ್ಯಾಯ ಬ್ಯಾಡ್ವ ನಿಂಗ?"

ನೀನೇ ಅಂದರು. ನಿಂಗ ಅಂದರು. ಅವರಿಗೆ ಗೊತ್ತಾಗಲಿಲ್ಲ. ನಾನು ತೋರಗೊಡದೆ ಇನ್ನಷ್ಟು ಚೌಕಾಸಿ ಮಾಡಿದೆ.

ಗಂಟು ಮತ್ತೆ ಮೊಳೆಗೆ ಹೋಯಿತು. ಬಿಚ್ಚಲಿಲ್ಲ. ಆದರೂ ಹೋಯಿತು.

೧೫ ಜುಲೈ, ಸೋಮವಾರ

ಮೂರು ವಾರ ಏನೂ ಬರೆದಿಲ್ಲ. ಕೋಳಿಗಳಿದ್ದರೆ ಬೆಳಿಗ್ಗೆಗಳು ಬೇರೆ.

ಇವತ್ತು ಚುಕ್ಕಿ ಕಾವಿಗೆ ಕೂತಳು. ಮೊಟ್ಟೆಯಲ್ಲಿ ಎಲ್ಲರಿಗಿಂತ ಹಿಂದಿದ್ದವಳು. ನಾಲ್ಕು ದಿನದಿಂದ ಬುಟ್ಟಿ ಬಿಟ್ಟೇಳದೆ, ಕೈಯಿಟ್ಟರೆ ಗುರುಗುಡುತ್ತಿದ್ದಳು. ರಾಚಮ್ಮ ಬುಟ್ಟಿಗೆ ಬೂದಿ, ಮೇಲೆ ಹುಲ್ಲು ಹಾಕಿ, ಹನ್ನೊಂದು ಮೊಟ್ಟೆ ಬೆಳಕಿಗೆ ಹಿಡಿದು ನೋಡಿ ಇಟ್ಟರು. ಗೋಡೆಯಾಚೆಯ ಪುಟ್ಟಮಲ್ಲಮ್ಮನವರ ಕೆಂಪು ಕೋಳಿಯೂ ನಿನ್ನೆಯೇ ಕೂತಿದೆಯಂತೆ.

"ಮುದುಕಿ ಅಂತ ಜರ್ದಿದ್ದೆ," ಎಂದು ಚುಕ್ಕಿಯ ಬೆನ್ನು ಸವರಿದರು. "ನಿನ್ನ ಕೋಳಿ ಗೆಲ್ತು ಬುಡು."

ಇಪ್ಪತ್ತೊಂದು ದಿನ. ಕ್ಯಾಲೆಂಡರಿನಲ್ಲಿ ಆಗಸ್ಟ್ ಐದಕ್ಕೆ ಗುರುತು ಹಾಕಿದೆ.

೨೮ ಜುಲೈ, ಭಾನುವಾರ

ಕುಮಾರಿ ಬಂದಿದ್ದಳು. ಮೂವತ್ತರ ಆಸುಪಾಸು, ಬಳಲಿದ ಮುಖ, ಒಳ್ಳೆಯ ಹುಡುಗಿ. ಫ್ಯಾಕ್ಟರಿಯಲ್ಲಿ ಕೆಲಸ ಸಿಕ್ಕಿದೆಯಂತೆ. ಮಗು ನೋಡಿಕೊಳ್ಳುವವರಿಲ್ಲ. "ಬಾ ದೊಡ್ಡವ್ವ, ಓಗನ. ಎಷ್ಟ್ ದಿನ ಪರರ ಮನೇಲಿ ಇದ್ದೀಯ?"

ಪರರ ಮನೆ. ಅವಳು ನನ್ನ ಮುಖ ನೋಡಿದಳು. ಏನಾದರೂ ಹೇಳಬೇಕಿತ್ತು. ಆ ಮಗುವಿಗೂ ಒಬ್ಬರು ಬೇಕಲ್ಲ? ನನಗೇನು ಹಕ್ಕು?

"ಚಿಕ್ಕವ್ವನ್ನೇ ಕೇಳು," ಎಂದೆ.

ಚಿಕ್ಕವ್ವ. ಮೂವತ್ತೊಂದು ವರ್ಷ ಗಂಟಲಲ್ಲಿದ್ದದ್ದು, ಇನ್ನೊಬ್ಬರಿಗೆ ಉತ್ತರ ಹೇಳುವಾಗ ಬಾಯಿಗೆ ಬಂತು. ರಾಚಮ್ಮ ತಲೆ ಎತ್ತಲಿಲ್ಲ. ಕಡಲೆಕಾಯಿ ಬಿಡಿಸುತ್ತಲೇ ಇದ್ದರು. ಸಿಪ್ಪೆ ಒಂದು ಕಡೆ, ಬೀಜ ಒಂದು ಕಡೆ ಬೀಳಬೇಕಾದ್ದು ಎರಡೂ ಒಂದೇ ಕಡೆ ಬೀಳುತ್ತಿತ್ತು.

"ಕೋಳಿ ಕಾವಿಗ ಕೂತದ ಕಣಮ್ಮಿ," ಎಂದರು ಕುಮಾರಿಗೆ. "ಪಾಲಿನ ಕೋಳಿ. ನಡುವ ಎದ್ದು ಬರಬಾರ್ದು."

"ಸರಿ, ಮರಿ ಆಗಿ ಪಾಲಾದ ಮ್ಯಾಲಾದ್ರೂ ಬಾ. ಅತ್ತೆ ಬತ್ತೀನಿ ಅಂದವ್ರೆ. ಬಂದ್ರ ಬಂದ್ರು, ಇಲ್ಲ ಅಂದ್ರ ನೀನೇ."

"ಪಾಲಾಗ್ಲಿ. ನೋಡನ."

೧ ಆಗಸ್ಟ್

ಕುಮಾರಿಯ ಕಾಗದ. ಅತ್ತೆ ಬಂದು ಮಗು ನೋಡಿಕೊಳ್ಳುತ್ತಿದ್ದಾರಂತೆ. ದೊಡ್ಡವ್ವ ಬಂದರೆ ಸಂತೋಷ, ಬಾರದಿದ್ದರೂ ತೊಂದರೆಯಿಲ್ಲ ಎಂದು ಬರೆದಿದ್ದಾಳೆ. ಓದಿ ಹೇಳಿದೆ. "ಹೂಂ" ಅಂದರು, ಅಷ್ಟೆ. ಇನ್ನು ಹೋಗುವುದು ಬಿಡುವುದು ಅವರ ಮನಸ್ಸು. ಅದು ಇನ್ನೂ ಕಷ್ಟ.

ಜಿಟಿಜಿಟಿ ಮಳೆ. ಬುಟ್ಟಿಯ ಬಳಿ ಹೋಗಿ ಕೂತೆ. ಚುಕ್ಕಿ ಕಣ್ಣು ಅರೆ ಮುಚ್ಚಿ ಧ್ಯಾನದಲ್ಲಿದ್ದಳು. ಮೊಟ್ಟೆ ಒಡೆಯಬಾರದು ಎಂದು ಒಂದು ಕ್ಷಣ ಅನ್ನಿಸಿತು. ಬರೆಯಲು ನಾಚಿಕೆ. ಆದರೂ ಅನ್ನಿಸಿತು. ಮರಿಯಾದರೆ ಪಾಲು, ಪಾಲಾದರೆ...

೫ ಆಗಸ್ಟ್, ಬೆಳಿಗ್ಗೆ ೮

ಒಡೆದಿವೆ! ರಾತ್ರಿಯೇ ಶುರುವಾಗಿತ್ತಂತೆ. ಕಾಲೇಜಿಗೆ ಹೊರಡುವ ಮೊದಲು ಎರಡು ಸಲ ಎಣಿಸಿದೆ. ಹತ್ತು. ಒಂದು ಮೊಟ್ಟೆ ಮಾತ್ರ ಕೆಟ್ಟಿತು. ಒಂದು ಮರಿಯ ಹಣೆಗೆ ಕಾಡಿಗೆ ಇಟ್ಟಂತೆ ಕಪ್ಪು ಬೊಟ್ಟು. ಅಂಗೈಯಲ್ಲಿಟ್ಟುಕೊಂಡೆ. ಏನೂ ಭಾರವಿಲ್ಲ, ಬರಿಯ ಬಿಸಿ.

ಹತ್ತು. ಐದು, ಐದು. ಎಷ್ಟು ಸಲೀಸಾಗಿ ಪಾಲಾಗುತ್ತದೆ.

ಅದೇ ದಿನ, ಸಂಜೆ

ಒಳಗೆ ಬಂದೆ. ಮೊಳೆ ಖಾಲಿ.

ಚಪ್ಪಲಿ ಬಿಡದೆ ಹಿತ್ತಲಿಗೆ ಓಡಿದೆ. ರಾಚಮ್ಮ ಬುಟ್ಟಿಯ ಮುಂದೆ ಕುಕ್ಕರುಗಾಲಲ್ಲಿ ಕೂತಿದ್ದರು. ಕೆಂಪಂಚಿನ ಸೀರೆ ಬುಟ್ಟಿಯ ಮೇಲೆ ಹೊದಿಸಿತ್ತು, ಎರಚಲು ಬೀಳದ ಹಾಗೆ.

"ಮರಿಗ ಥಂಡಿ ಆಯ್ತದ ಅಂತ ಬಿಚ್ದೆ. ಒಳಗಿದ್ದುದ ಬೀರುಲಿ ಇಟ್ಟಿವ್ನಿ. ಅಪ್ಪನ ಟೋಪಿನೂವ."

ಪಕ್ಕದಲ್ಲಿ ಕೂತೆ. ಸೀರೆ ಸರಿಸಿ, ಮರಿಗಳನ್ನು ಒಂದೊಂದಾಗಿ ಮೊರಕ್ಕೆ ಬಿಟ್ಟು ಪಾಲು ಹಾಕತೊಡಗಿದರು. ನಂಗೊಂದು, ನಿಂಗೊಂದು. ನಾಲ್ಕು, ನಾಲ್ಕು. ಕೊನೆಯದನ್ನು ಕೈಯಲ್ಲಿ ಹಿಡಿದು ನಿಟ್ಟುಸಿರು ಬಿಟ್ಟರು.

"ಒಂಬತ್ತೇ ಆದೋ. ಪಾಲಾಗಲ್ವಲ್ಲ ಕಣಮ್ಮಿ."

"ಈಗ ಏನು ಮಾಡೋದು ಚಿಕ್ಕವ್ವ?"

"ಏನ್ ಮಾಡದು? ಇದು ಇಬ್ರದೂವ. ದೊಡ್ಡದಾಗ್ಲಿ, ಮೊಟ್ಟೆ ಇಕ್ಲಿ, ಕಾವು ಕೂರ್ಲಿ. ಆಗ ಲೆಕ್ಕ ನೋಡನ. ಕುಮಾರಿಗ ಒಂದ್ ಕಾಗ್ದ ಬರ್ದಾಕು, ಪಾಲು ಆಗ್ನಿಲ್ಲ ಅಂತ."

ಕಾಗದ ತರಲು ಎದ್ದೆ. ಗೋಡೆಯಾಚೆ ಪುಟ್ಟಮಲ್ಲಮ್ಮನವರ ಕೆಂಪು ಕೋಳಿ ನಿನ್ನೆ ಹುಟ್ಟಿದ ತನ್ನ ಮರಿಗಳನ್ನು ರೆಕ್ಕೆಯಡಿ ಸೇರಿಸಿಕೊಳ್ಳುತ್ತಿತ್ತು. ಅವುಗಳ ನಡುವೆ ನುಗ್ಗುತ್ತಿದ್ದ ಒಂದು ಮರಿಯ ಹಣೆಯಲ್ಲಿ ಕಪ್ಪು ಬೊಟ್ಟು.

ತಿರುಗಿ ನೋಡಿದೆ. ಚಿಕ್ಕವ್ವ ಬಹಳ ಶ್ರದ್ಧೆಯಿಂದ ನುಚ್ಚು ಆರಿಸುತ್ತಿದ್ದರು.

ಬರೆಯುತ್ತಿದ್ದೇನೆ. ಪ್ರೀತಿಯ ಕುಮಾರಿ, ಮರಿಗಳು ಒಂಬತ್ತು—