ಒಂದೇ ಸ್ವಿಚ್ಚಿನ ಬಚ್ಚಲು

12-2-94. ರಾತ್ರಿ 2.20

ಟಕ್. ಫ್ರಿಜ್ಜಿನ ಸ್ಟೆಬಿಲೈಜರ್. ಕರೆಂಟ್ ಬಂತು.

ಕೂಸು ಅತ್ತರೆ ಏಳಲು ಒಂದು ನಿಮಿಷ ಬೇಕು, ಈ ಸಪ್ಪಳಕ್ಕೆ ಥಟ್ಟನೆ ಎಚ್ಚರ. ಎಂಥ ತಾಯಿ ನಾನು.

ಅಡುಗೆಮನೆಗೆ ಬಂದು ಮಿಕ್ಸರಿನ ಪ್ಲಗ್ ಕಿತ್ತು ನನ್ನದನ್ನು ಚಾರ್ಜಿಗೆ ಸಿಕ್ಕಿಸಿದೆ. ಮೇಲೆ ಜರಡಿ ಬೋರಲು ಹಾಕಿದೆ. ನಾಲ್ಕರವರೆಗೆ ಇಲ್ಲೇ ಕಾವಲು. ನಾಲ್ಕೂವರೆಗೆ ಅತ್ತೆ ಏಳುತ್ತಾರೆ.

ಡೈರಿಯಲ್ಲೂ ಅದರ ಹೆಸರು ಬರೆಯಲು ನಾಚಿಕೆ. ಬರೆದೇಬಿಡುತ್ತೇನೆ — ಶೇವರ್. ಹೆಂಗಸರದು, ಗುಲಾಬಿ ಬಣ್ಣ, ಸಾಬೂನಿನ ಗಾತ್ರ. ಲಿಂಗಸುಗೂರಿನ ಅಖ್ತರಬೇಗಂ ಕೊಟ್ಟದ್ದು. ಕಾಲೇಜಿನ ಗೆಳತಿ, ಗಂಡ ಸೌದಿಯಲ್ಲಿ. ತವರಲ್ಲಿ ಬಾಣಂತಿಯಾಗಿದ್ದಾಗ ನೋಡಲು ಬಂದಳು. ನನ್ನ ಗದ್ದ ನೋಡಿದಳು. ಮರುದಿನ ಬಂದು ದಿಂಬಿನ ಕೆಳಗೆ ಇದನ್ನು ತುರುಕಿದಳು. "ನಿನ್ನಂಥೋರು ಭಾಳ ಮಂದಿ ಇದ್ದಾರ, ಲೇ. ಯಾರೂ ಬಾಯಿ ಬಿಡಂಗಿಲ್ಲ, ಅಷ್ಟ."

ಹೆರಿಗೆಯಾದ ಎರಡನೇ ತಿಂಗಳಿಂದ ಶುರು. ಗದ್ದದ ಕೆಳಗೆ, ಕಪ್ಪಗೆ, ಒರಟು. ಎರಡು ದಿನ ಬಿಟ್ಟರೆ ಕೂಸಿನ ಕೆನ್ನೆಗೆ ಚುಚ್ಚುತ್ತದೆ. ಮೊನ್ನೆ ಮುದ್ದಿಡಲು ಹೋದರೆ ಮುಖ ತಿರುಗಿಸಿತು... ಬಿ.ಎಸ್ಸಿ. ಓದಿದ್ದೇನೆ. ಹಾರ್ಮೋನು, ರೋಗವಲ್ಲ, ಪಾಪವಲ್ಲ — ಎಲ್ಲ ಗೊತ್ತು. ಗೊತ್ತಿದ್ದು ಏನು ಬಂತು.

ಮುಂದಿನ ವಾರ ಬಚ್ಚಲು ಒಡೆಯುತ್ತಾರೆ. ಹೊಸದಕ್ಕೆ ಟೈಲ್ಸು, ಕನ್ನಡಿ, ಸಾಮಾನು ಇಡಲು ಗೂಡು. ಗೂಡಿನಲ್ಲೊಂದು ಪ್ಲಗ್ — ಇವರ ಶೇವರಿಗೆ. ಹೈದರಾಬಾದಿನಿಂದ ತಂದದ್ದು, ಬಂದವರಿಗೆಲ್ಲ ತೋರಿಸುತ್ತಾರೆ.

ಆ ಗೂಡಿನಲ್ಲಿ ನನ್ನದಕ್ಕೂ ಒಂದು ಮೂಲೆ ಸಿಕ್ಕೀತು.

18-2-94. ಮಧ್ಯಾಹ್ನ

ಇವರು ಸಿಂಧನೂರಿಗೆ, ಬ್ಯಾಂಕಿಗೆ. ಮಸ್ಕಿಯ ಧೂಳೆಲ್ಲ ನಮ್ಮ ಮನೆಯೊಳಗೆ. ಗೌಂಡಿ ಟೈಲ್ಸ್ ಹಚ್ಚುತ್ತಿದ್ದಾನೆ. ವೈರಿಂಗಿಗೆ ಉಸ್ಮಾನ್‌ಸಾಬ್ ಬಂದ.

ಧೈರ್ಯ ಮಾಡಿ ಕೇಳಿದೆ. "ಲೈಟಿಗೊಂದು, ಪ್ಲಗ್ಗಿಗೊಂದು, ಬ್ಯಾರೆಬ್ಯಾರೆ ಸ್ವಿಚ್ ಇಡ್ರಿ."

"ಯಾಕ್ರೀ ಅಕ್ಕಾರ? ಸಾಹೇಬ್ರು ಒಂದ ಸಾಕು ಅಂದಾರ. ಕತ್ತಲದಾಗ ಯಾರು ಗಡ್ಡಾ ಮಾಡ್ಕೊಂತಾರ್ರೀ?"

ಗೌಂಡಿ ನಕ್ಕ. ಅತ್ತೆ ನಕ್ಕರು. ಅಂಗಳದಲ್ಲಿ ಬಟ್ಟೆ ಒಗೆಯುತ್ತಿದ್ದ ಕೆಲಸದ ಯಮನೂರಮ್ಮ ಅಲ್ಲಿಂದಲೇ ಕೂಗಿದಳು, "ಸಾಲಗಾರಗ ಹೆದರಿದಾಂವ ಮಾಡ್ಕೊಂತಾನ ನೋಡಪಾ!"

ನಾನೂ ನಕ್ಕೆ. ಸೆರಗನ್ನು ಗದ್ದದವರೆಗೆ ಎಳೆದುಕೊಂಡು.

ಒಂದೇ ಸ್ವಿಚ್ಚಾಯಿತು. ಲೈಟು ಉರಿದರೆ ಮಾತ್ರ ಪ್ಲಗ್ಗಿಗೆ ಕರೆಂಟು. ಲೈಟು ಆರಿಸಿದರೆ ಅದೂ ಇಲ್ಲ.

3-3-94. ಬೆಳಿಗ್ಗೆ 11

ಬಚ್ಚಲು ಮುಗಿಯಿತು. ಬಿಳಿ ಟೈಲ್ಸು, ಕನ್ನಡಿಯ ಹಾಗೆ ಹೊಳೆಯುತ್ತವೆ. ಅತ್ತೆಗೆ ಕಾಲು ಜಾರುತ್ತದಂತೆ, ಗೋಡೆ ಹಿಡಿದು ನಡೆಯುತ್ತಾರೆ.

ಗೂಡಿನಲ್ಲಿ ಮುಂದೆ ಇವರ ಶೇವರು, ಬ್ರಷ್ಷು, ಲೋಷನ್ನು. ಹಿಂದೆ ಸೀಗೆಪುಡಿಯ ಡಬ್ಬಿ. ಡಬ್ಬಿಯ ಹಿಂದೆ ನಾನು.

ರಾತ್ರಿ ಮೂರಕ್ಕೆ ಮೊದಲ ಸಲ ಅಲ್ಲಿ ಚಾರ್ಜಿಗೆ ಇಟ್ಟೆ. ಕಾಲು ಗಂಟೆ ಆಗಿರಲಿಲ್ಲ, ಅಂಗಳದಲ್ಲಿ ಮಲಗಿದ್ದ ಮಾವ ಎದ್ದು ಕೂತರು. ಬೆಳಕಿಂಡಿಯ ಬೆಳಕು ನೇರ ಅವರ ಮುಖಕ್ಕೆ.

"ಯಾರವ್ವಾ ಒಳಗ?"

"ನಾನ್ರಿ ಮಾವ. ಹೊಟ್ಟಿ ಸರಿ ಇಲ್ರಿ."

ಬೆಳಿಗ್ಗೆ ಅತ್ತೆ ಅಜವಾನ ಕುದಿಸಿ ಕುಡಿಸಿದರು. ಕುಡಿದೆ. ಚೆನ್ನಾಗಿರುವ ಹೊಟ್ಟೆ, ಉರಿಯಿತು.

ಇವರು ಊಟಕ್ಕೆ ಕೂತು ಬಸ್ಸಿನ ಕಥೆ ಹೇಳಿದರು. ಮುದಗಲ್ಲಿನ ಕಡೆಯ ಒಬ್ಬ ಹೆಂಗಸಿಗೆ ಮೀಸೆ ಇತ್ತಂತೆ. "ಕಂಡಕ್ಟರ್ 'ಅಣ್ಣಾ, ಎಲ್ಲಿಗೆ?' ಅಂದುಬಿಟ್ಟ!" ಅನ್ನಕ್ಕೆ ಕೈ ಹಾಕದೆ ನಕ್ಕರು. ಕೆಟ್ಟವರಲ್ಲ. ಅದೇ ಕಷ್ಟ. ಕೆಟ್ಟವರಾಗಿದ್ದರೆ ಹೇಳಬಹುದಿತ್ತೇನೋ.

4-3-94

ಉಪಾಯ ಹೊಳೆಯಿತು. ಮಲಗುವ ಮುಂಚೆ ಬಚ್ಚಲಿನ ಬಲ್ಬು ಬಿಚ್ಚಿದೆ. ಸ್ವಿಚ್ ಒತ್ತಿಯೇ ಇಟ್ಟೆ. ಕರೆಂಟ್ ಬಂದಾಗ ಕತ್ತಲಲ್ಲಿ ಶೇವರಿನ ಕೆಂಪು ಚುಕ್ಕೆ ಮಾತ್ರ. ಬಲ್ಬನ್ನು ಕೂಸಿನ ಕುಂಚಿಗೆಯಲ್ಲಿ ಸುತ್ತಿ ಡಬ್ಬಿಯ ಪಕ್ಕ ಇಟ್ಟೆ. ನಾಲ್ಕಕ್ಕೆ ಎದ್ದು ಮತ್ತೆ ಹಾಕಿದೆ.

ಮಾವ ಗೊರಕೆ ಹೊಡೆಯುತ್ತಿದ್ದರು. ಫಿಜಿಕ್ಸ್ ಕಲಿತದ್ದು ಇದಕ್ಕೆ ಬಂತು.

21-3-94. ಸಂಜೆ

ಇದನ್ನೂ ಬರೆಯಬೇಕು.

ನಿನ್ನೆ ಸಂಜೆ ಆರಕ್ಕೆ ಕರೆಂಟ್ ಹೋಗಿತ್ತು. ಎಂದಿನ ಹಾಗೆ ಬಲ್ಬು ಬಿಚ್ಚಿ, ಶೇವರ್ ಸಿಕ್ಕಿಸಿ ಬಂದೆ. ಕೂಸಿಗೆ ಹಾಲು ಕೊಡುತ್ತಾ ಮಲಗಿದವಳು... ಎಷ್ಟೋ ವಾರಗಳ ಮೇಲೆ ನಿದ್ದೆ ಹತ್ತಿತು. ಸ್ಟೆಬಿಲೈಜರ್ ಕೇಳಲಿಲ್ಲ. ಎಬ್ಬಿಸಿದ್ದು ನಾಲ್ಕೂವರೆಗೆ ಅತ್ತೆಯ ಚೀರು.

ಸ್ವಿಚ್ಚನ್ನು ಎರಡು ಸಲ ಒತ್ತಿ ನೋಡಿದರಂತೆ. ಕರೆಂಟ್ ಬಂದಿಲ್ಲ ಅಂದುಕೊಂಡು ಕತ್ತಲಲ್ಲೇ ಕಾಲಿಟ್ಟಿದ್ದಾರೆ. ಟೈಲ್ಸಿನ ಮೇಲೆ ನೀರು.

ಎಲ್ಲರಿಗಿಂತ ಮುಂಚೆ ಓಡಿದವಳು ನಾನು. ಅತ್ತೆ ನೆಲದಲ್ಲಿ, "ಯವ್ವಾ, ಸತ್ನೆವ್ವೋ" ಅನ್ನುತ್ತಿದ್ದರು. ಡಬ್ಬಿಯ ಹಿಂದೆ ಕೆಂಪು ಚುಕ್ಕೆ. ಅತ್ತೆಯನ್ನು ದಾಟಿ ಹೋದೆ. ಹೌದು, ದಾಟಿ ಹೋದೆ. ಮೊದಲು ಶೇವರ್ ಕಿತ್ತುಕೊಂಡೆ, ಬಲ್ಬಿದ್ದ ಕುಂಚಿಗೆ ಎತ್ತಿಕೊಂಡೆ, ಎರಡನ್ನೂ ಸೆರಗಿನೊಳಗೆ ತುರುಕಿದೆ. ಆಮೇಲೆ ಅವರ ಕೈ ಹಿಡಿದೆ.

ಇವರು ಬ್ಯಾಟರಿ ಬಿಟ್ಟರು. ಹೋಲ್ಡರ್ ಖಾಲಿ.

"ಬಲ್ಬ ಇಲ್ಲಲ್ಲ! ನಿನ್ನೆ ಕಡೀಕ ಬಚ್ಚಲಕ್ಕ ಯಾರು ಹೋಗಿದ್ರು?"

"ಯಮನೂರಮ್ಮ," ಅಂದೆ. "ಸಂಜಿಕ, ಟೈಲ್ಸ್ ತಿಕ್ಕಾಕ."

ನನ್ನದೇ ಬಾಯಿ. ನನ್ನದೇ ದನಿ.

ಅತ್ತೆಯ ತೊಡೆಯ ಎಲುಬು ಮುರಿದಿದೆ. ಸಿಂಧನೂರಿನ ದವಾಖಾನೆಗೆ ಸೇರಿಸಿ ಇವರು ಅಲ್ಲೇ ಇದ್ದಾರೆ. ಜೀಪಿಗೆ ಎತ್ತಿ ಹಾಕುವಾಗಲೂ ಅತ್ತೆ ನನ್ನ ಕೈ ಬಿಡಲಿಲ್ಲ. "ಹಸಿ ಬಾಣಂತಿ ನೀ, ಅಳಬ್ಯಾಡ. ಹಾಲು ಕೆಡ್ತೈತಿ."

22-3-94

ಯಮನೂರಮ್ಮ ಬಂದಾಗ ಮಾವ ಅವಳನ್ನು ಹೊಸ್ತಿಲಲ್ಲೇ ನಿಲ್ಲಿಸಿದರು. ನಾನು ಬಾಗಿಲ ಹಿಂದೆ.

"ಒಂದು ಬಲ್ಬಿನ ಆಸೇಕ ನನ್ನ ಹೇಣ್ತಿ ಕಾಲು ಮುರದಿ."

"ನಮ್ಮ ಗುಡಿಸಲಾಗ ಕರೆಂಟ ಇಲ್ರಿ, ಗೌಡ್ರ! ಬಲ್ಬು ಒಯ್ದು ಏನು, ಸಾರಿಗೆ ಹಾಕ್ಲೇನ್ರಿ?"

ಓಣಿಯವರು ನಕ್ಕರು. ಮಾವನನ್ನು ಅದೇ ಹೆಚ್ಚು ಕೆರಳಿಸಿತು. ಮಾರ್ತಾಳ, ಕದ್ದು ಮಾರ್ತಾಳ ಅಂದರು. ಇನ್ನು ಯಾರೂ ಅವಳನ್ನು ಮನೆಯೊಳಗೆ ಬಿಡಬೇಡಿ ಅಂತ ಕೂಗಿ ಹೇಳಿದರು. ಅವಳು ಮಾಡುವುದು ಐದು ಮನೆ. ಮಧ್ಯಾಹ್ನದೊಳಗೆ ಎರಡು ಮನೆಯವರು ಬೇಡ ಅಂದರು.

ಸಂಜೆ ಮತ್ತೆ ಬಂದಳು. ಮಗಳನ್ನು ಕರೆದುಕೊಂಡು.

"ನಾಳಿ ಮುಂಜಾನಿ ಹನಮಪ್ಪನ ಗುಡಿಗೆ ಬರ್ರಿ. ಈ ಮಗಳ ತಲಿ ಮ್ಯಾಲ ಕೈ ಇಟ್ಟು ಆಣಿ ಮಾಡ್ತೀನಿ, ಬಲ್ಬು ಮುಟ್ಟಿಲ್ಲಂತ. ನನ್ನ ಹೆಸರು ಹೇಳಿದವ್ರೂ ತಮ್ಮ ಕೂಸಿನ ತಲಿ ಮುಟ್ಟಿ ಹೇಳ್ಲಿ."

ಹೇಳುವಾಗ ಬಾಗಿಲ ಕಡೆಯೇ ನೋಡುತ್ತಿದ್ದಳು.

ಮಾವ ಎದೆ ಮುಂದೆ ಮಾಡಿದರು. "ಬರ್ತಾಳ. ನನ್ನ ಸೊಸಿ ಓದಿದಾಕಿ. ನಮ್ಮ ಮನ್ಯಾಗ ಸುಳ್ಳ ಆಡೋರು ಇಲ್ಲ."

22-3-94. ರಾತ್ರಿ 9.30

ರೀ, ಡೈರಿಯ ಹಾಳೆ ಕಿತ್ತು ಕಳಿಸುತ್ತಿದ್ದೇನೆ. ಹಿಂದಿನ ಹಾಳೆಗಳನ್ನೂ ಜೊತೆಗಿಡುತ್ತೇನೆ. ಎಲ್ಲ ಅದರಲ್ಲಿದೆ. ಅದನ್ನೇ ಎರಡನೇ ಸಲ ಬರೆಯಲು ನನ್ನ ಕೈಲಾಗದು. ಓದಿ. ನಗುವುದಿದ್ದರೆ ಅಲ್ಲೇ ನಕ್ಕು ಮುಗಿಸಿಬಿಡಿ.

ಪಕ್ಕದ ಮನೆಯ ಶಿವಶರಣಪ್ಪನವರು ಹತ್ತಕ್ಕೆ ಸಿಂಧನೂರಿಗೆ ಹೊರಟಿದ್ದಾರೆ. ಅವರ ಕೈಲಿ ಈ ಲಕೋಟೆ.

ಊಟಕ್ಕೆ ಬಡಿಸುವಾಗ ಹೇಳಲು ನೋಡಿದೆ. "ಮಾವ, ಬಲ್ಬು ನಾನು..." ಅಂದೆ. "ಹೇಳವ್ವ," ಅಂದರು. "ಬಲ್ಬು ನಾನು ನಾಳಿ ತರಿಸ್ತೀನ್ರಿ," ಅಂದುಬಿಟ್ಟೆ. ನಾನೇ ತೆಗೆದೆ ಅಂದರೆ ಯಾಕೆ ಅನ್ನುತ್ತಾರೆ. ಆ ಯಾಕೆಗೆ ಮಾವನ ಮುಂದೆ ಗದ್ದ ಎತ್ತಿ ತೋರಿಸಲೇ?

ಆಣೆಯನ್ನು ನಾನು ನಂಬುವುದಿಲ್ಲ. ತಲೆ ಮುಟ್ಟಿದರೆ ಏನೂ ಆಗುವುದಿಲ್ಲ, ಗೊತ್ತು. ಆದರೂ ಈಗ ತೊಟ್ಟಿಲ ಹತ್ತಿರ ಹೋಗಿ, ಯಾರೂ ಇಲ್ಲದಾಗ, ಸುಮ್ಮನೆ ಕೈ ಇಟ್ಟು ನೋಡಿದೆ. ನೆತ್ತಿ ಇನ್ನೂ ಕೂಡಿಲ್ಲವಲ್ಲ, ಮೆತ್ತಗೆ ಬಡಿದುಕೊಳ್ಳುತ್ತಿತ್ತು. ಬಾಯಿಂದ ಆ ಮಾತು ಹೊರಡಲಿಲ್ಲ. ನಾಳೆ ಎಲ್ಲರ ಮುಂದೆ ಹೊರಟುಬಿಡುತ್ತದೆ. ನಿನ್ನೆ ಯಮನೂರಮ್ಮನ ಹೆಸರು ಹೊರಟಿತಲ್ಲ, ಹಾಗೆ. ಅದೇ ನನಗೆ ಭಯ.

ಬಲ್ಬು ನೀವೇ ತೆಗೆದದ್ದು ಅಂತ ಹೇಳಿಬಿಡಿ ಎಂದು ಬರೆಯಲಿದ್ದೆ. ಬೇಡ. ತೆಗೆದವಳು ನಾನು ಅಂತಲೇ ಹೇಳಿ. ಕಾರಣವನ್ನೂ ನೀವೇ ಹೇಳಿ. ನಿಮ್ಮ ಅಪ್ಪ, ನಿಮ್ಮ ಬಾಯಿಂದ ಕೇಳಿಸಿಕೊಳ್ಳುತ್ತಾರೆ. ಅತ್ತೆಗೆ ನಾನೇ ಹೇಳುತ್ತೇನೆ, ಕಾಲು ಹಿಡಿದು.

ಶಿವಶರಣಪ್ಪನವರ ಮನೆಗೆ ಫೋನ್ ಮಾಡಿ. ಅವರ ಹೆಂಡತಿ ಕರೆಯುತ್ತಾರೆ, ಹೇಳಿ ಇಟ್ಟಿದ್ದೇನೆ. ಅವರ ಪಡಸಾಲೆಯಲ್ಲಿ ನಿಂತು ನಾನಾಗಿ ಇದನ್ನು ಆಡಲಾರೆ. ನೀವು ಮಾತಾಡಿ, ನಾನು ಹೂಂ ಅನ್ನುತ್ತೇನೆ. ಬೈದರೂ ಹೂಂ. ತವರಿಗೆ ಹೋಗು ಅಂದರೂ ಹೂಂ. ಆಮೇಲೆ ಫೋನನ್ನು ಮಾವನ ಕೈಗೆ ಕೊಡುತ್ತೇನೆ.

ಆರೂವರೆಗೆ ಗುಡಿ ತೆರೆಯುತ್ತದೆ. ಯಮನೂರಮ್ಮ ಇವತ್ತು ಉಪವಾಸ ಮಲಗಿದ್ದಾಳಂತೆ, ಮಗಳನ್ನೂ ಮಲಗಿಸಿದ್ದಾಳಂತೆ.

ಜೀಪು ಹಾರ್ನ್ ಹೊಡೆಯುತ್ತಿದೆ. ರೀ, ದವಾಖಾನೆಯ ಎದುರಿನ ಎಸ್‌ಟಿಡಿ ಬೂತ್ ಮುಚ್ಚಿದ್ದರೆ ಬಾಗಿಲು ಬಡಿದು ಎಬ್ಬಿಸಿ. ಎಷ್ಟು ಹೊತ್ತಾದರೂ ಸರಿ. ಮಲಗುವುದಿಲ್ಲ ನಾನು. ಬೆಳಗಾಗುವುದರೊಳಗೆ ಒಂದು ಫೋನ್, ರೀ, ಬೆಳಕು ಹರಿಯುವ ಮೊದಲು