ನಾಲ್ಕನೇ ಬೆಡ್ಡಿನ ಪಕ್ಕದ ಸಿಂಕು

3 ಫೆಬ್ರುವರಿ 2025, ಸೋಮವಾರ. ಮಧ್ಯಾಹ್ನ

ಐಸಿಯು ರೌಂಡ್ಸ್ ಮುಗಿಯಿತು. ಹೊಸ ಸಿಸ್ಟರ್ ಗುಲ್ಶನ್ ಕೈ ತೊಳೆಯದೆ ಡ್ರಿಪ್ ಮುಟ್ಟಲು ಹೋದಳು — ಬೈದೆ. ಹನ್ನೆರಡು ವರ್ಷದ ಇನ್‌ಚಾರ್ಜ್‌ಗಿರಿಯಲ್ಲಿ ನನ್ನದು ಇದೊಂದೇ ಹಟ.

ಗುಂಡಮ್ಮ ಕಾಕಿಯನ್ನು ಆಪರೇಶನ್ ಥಿಯೇಟರಿನಿಂದ ತಂದರು. ಕರುಳು ತೂತಾಗಿತ್ತು, ಹೊಲಿದಿದ್ದಾರೆ. ಕಮಲಾಪುರದಲ್ಲಿ ನಮ್ಮ ಓಣಿಯವಳು. ಅವ್ವ ಸತ್ತ ಮೇಲೆ ನನಗೆ ಜಡೆ ಹಾಕಿ ಶಾಲೆಗೆ ಕಳಿಸಿದವಳು. ಎರಡು ಬೆಡ್ ಖಾಲಿ ಇದ್ದವು. ಹಟ ಹಿಡಿದು ನಾಲ್ಕನೆಯದನ್ನೇ ಕೊಡಿಸಿದೆ. ಸಿಂಕಿನ ಪಕ್ಕ. ಎಲ್ಲರೂ ಕೈ ತೊಳೆದೇ ಮುಟ್ಟುತ್ತಾರೆ.

ಮಗ ದತ್ತಪ್ಪ ಕಪನೂರಿನ ಬೇಳೆ ಮಿಲ್ಲಿನಿಂದ ಹಾಗೇ ಓಡಿ ಬಂದಿದ್ದ, ಮೈತುಂಬ ಹೊಟ್ಟು. "ನೀ ಅದೀ ಅಂತ ಧೈರ್ಯ ನೋಡು, ವಿಜಕ್ಕ" ಅಂದ.

7, ಶುಕ್ರವಾರ

ಕಾಕಿಗೆ ಜ್ವರ 103. ಬಿ.ಪಿ. ಇಳಿಯುತ್ತಿದೆ. ದೊಡ್ಡ ಆಂಟಿಬಯಾಟಿಕ್ ಮೆರೊಪೆನೆಮ್ ಶುರುವಾಗಿ ಮೂರು ದಿನ — ನೀರು ಕೊಟ್ಟ ಹಾಗೆ. ಬ್ಲಡ್ ಕಲ್ಚರ್ ಕಳಿಸಿದ್ದಾಯಿತು. ಹೆದರಿಕೆ ಆಗುತ್ತಿದೆ.

10, ಸೋಮವಾರ

ಕಲ್ಚರ್ ಬಂತು. ಕ್ಲೆಬ್ಸಿಯೆಲ್ಲಾ. ಔಷಧಿಗಳ ಪಟ್ಟಿಯ ಮುಂದೆ ಸಾಲಾಗಿ ಆರ್, ಆರ್, ಆರ್... ಯಾವುದೂ ನಾಟದು. ಕೊಲಿಸ್ಟಿನ್ ಒಂದೇ ಉಳಿದದ್ದು, ಅದು ಕಿಡ್ನಿ ತಿನ್ನುತ್ತದೆ. ಲ್ಯಾಬಿನ ಡಾಕ್ಟರ್ ಮದಿಹಾ ಮೇಡಂ ಜೀನ್ ಟೆಸ್ಟೂ ಮಾಡಿದ್ದಾರೆ: ಎನ್‌ಡಿಎಂ, ಔಷಧವನ್ನೇ ಮುರಿದು ಹಾಕುವ ಜೀನ್. ಕ್ಲೆಬ್ಸಿಯೆಲ್ಲಾ ಅಂದರೆ ಗಟ್ಟಿಮುಟ್ಟಾದವರ ಗೊಡವೆಗೆ ಹೋಗದ ಬ್ಯಾಕ್ಟೀರಿಯಾ, ಸೋತ ಮೈ ಸಿಕ್ಕರೆ ಏರಿ ಕೂರುತ್ತದೆ. ಈ ಜೀನನ್ನು ಬ್ಯಾಕ್ಟೀರಿಯಾಗಳು ಒಂದಕ್ಕೊಂದು ಕೊಟ್ಟುಕೊಳ್ಳುತ್ತವಂತೆ, ನೆರೆಮನೆಗೆ ಹೆಪ್ಪು ಕೊಟ್ಟ ಹಾಗೆ.

ಡಿಸೆಂಬರಿನಿಂದ ಇದು ಮೂರನೇ ಕೇಸು. "ಮೂರೂ ಮಂದಿ ಯಾವ ಬೆಡ್ಡಿನಾಗ ಇದ್ರು, ಸಿಸ್ಟರ್?" ಮೇಡಂ ಕೇಳಿದರು.

ರಿಜಿಸ್ಟರ್ ತೆಗೆದೆ. ನಾಲ್ಕು. ನಾಲ್ಕು. ನಾಲ್ಕು.

12, ಬುಧವಾರ. ಸಂಜೆ

ಸಿಂಕಿನ ತೂತಿನಿಂದ ತೆಗೆದ ಸ್ವಾಬಿನಲ್ಲೂ ಅದೇ ಬ್ಯಾಕ್ಟೀರಿಯಾ, ಅದೇ ಜೀನ್. ನಲ್ಲಿ ಜೋರು ಬಿಟ್ಟರೆ ಹನಿ ಬೆಡ್ಡಿನವರೆಗೆ ಸಿಡಿಯುತ್ತದೆ.

"ಈ ಸಿಂಕಿನಾಗ ಔಷಧ ಚೆಲ್ತಾರೇನು?" ಮೇಡಂ ಕೇಳಿದರು.

ಚೆಲ್ಲುವವಳು ನಾನೇ. ಬಾಟಲಿಯಲ್ಲಿ ಉಳಿದ ಆಂಟಿಬಯಾಟಿಕ್ಕನ್ನೆಲ್ಲ, ಕಸದ ಡಬ್ಬಿ ಸೋರಬಾರದೆಂದು, ಹನ್ನೆರಡು ವರ್ಷ ಅಲ್ಲೇ ಸುರಿದು ನೀರು ಬಿಟ್ಟಿದ್ದೇನೆ. ಹುಡುಗಿಯರಿಗೂ ಅದನ್ನೇ ಕಲಿಸಿದ್ದೇನೆ. ಆ ಬ್ಯಾಕ್ಟೀರಿಯಾಕ್ಕೆ ದಿನಾ ಸ್ವಲ್ಪ ಸ್ವಲ್ಪ ಔಷಧ ಕುಡಿಸಿ ಪಳಗಿಸಿದ್ದೇ ನಾನು. ಮೇಡಂಗೆ ಹೇಳಿದೆ. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಸೂಪರಿಂಟೆಂಡೆಂಟ್ ಸಾಹೇಬರು: "ಪ್ಲಂಬರ್ ಸೋಮವಾರ ಬರ್ತಾನ. ಅಲ್ಲಿತನಕ ಬಾಯಿ ಬಿಡಬ್ಯಾಡ್ರಿ. ಬೆಡ್ ಖಾಲಿ ಇಡಾಕ ಆಗಂಗಿಲ್ಲ."

ಹೂಂ ಅಂದೆ. ಕಾಕಿಯನ್ನು ಒಂಬತ್ತನೇ ಬೆಡ್ಡಿಗೆ ಸರಿಸಿದೆ, ಅಷ್ಟೇ.

14, ಶುಕ್ರವಾರ

ಬೆಳಿಗ್ಗೆ 6.20. ಗುಂಡಮ್ಮ ಕಾಕಿ ಹೋದಳು. ಕಿಡ್ನಿ ಮೊದಲು ನಿಂತವು.

ದತ್ತಪ್ಪ ನನ್ನ ಕೈ ಹಿಡಿದು, "ಮಾಡೋದೆಲ್ಲಾ ಮಾಡಿದಿ ಅಕ್ಕ" ಅಂದ. ಬಿಡಿಸಿಕೊಂಡೆ.

ಹತ್ತು ಗಂಟೆಗೆ ನಾಲ್ಕನೇ ಬೆಡ್ಡಿಗೆ ಹೊಸ ಪೇಶೆಂಟ್. ಚಾದರ ನಾನೇ ಹಾಸಿದೆ.

16, ಭಾನುವಾರ. ಕಮಲಾಪುರ

ಕಾಕಿಯ ಮೂರನೇ ದಿನದ ಕಾರ್ಯ. ಜನ ಊಟಕ್ಕೆ ಕೂತಾಗ ದತ್ತಪ್ಪನನ್ನು ಹಿತ್ತಿಲಿಗೆ ಕರೆದೆ. ಎಲ್ಲ ಹೇಳಿದೆ — ಸಿಂಕು, ಸುರಿದದ್ದು, ಆ ಬೆಡ್ ಕೊಡಿಸಿದ್ದು. ಹೊಡೆಯುತ್ತಾನೆ ಅಂದುಕೊಂಡೆ. ಅವನು ಕೇಳಿದ್ದು ಇಷ್ಟೇ:

"ಈಗ ಅಲ್ಲಿ ಯಾರ್ ಅದಾರ?"

"ಒಬ್ಬಾಕಿ ಬಾಣಂತಿ."

"ಮತ್ತ ನೀ ಇಲ್ಲಿಗ್ಯಾಕ ಬಂದಿ?"

ಬಸ್‌ಸ್ಟ್ಯಾಂಡಿನಲ್ಲಿ ಕೂತು ಬರೆಯುತ್ತಿದ್ದೇನೆ. ವಾರ್ಡಿಗೆ ಫೋನ್ ಮಾಡಿದೆ, ಗುಲ್ಶನ್ ಎತ್ತಿದಳು. ಆಕೆಯನ್ನು ಈಗಲೇ ಸರಿಸು, ನಲ್ಲಿ ಕಟ್ಟು, ಸಾಹೇಬರು ಕೇಳಿದರೆ ನನ್ನ ಹೆಸರು ಹೇಳು ಅಂದೆ.

"ಸರಸ್ತೀನ್ರಿ ಸಿಸ್ಟರ್. ಆದ್ರ ಆಕಿಗಿ ಮುಂಜಾನಿಂದ ಚಳಿಜ್ವರ ಅದಾವ್ರಿ."

ಬಸ್ ಬಂತು. ನಾನು ಅಲ್ಲಿ ಮುಟ್ಟುವಷ್ಟರಲ್ಲಿ ಆಕೆಯ ಬ್ಲಡ್ ಕಲ್ಚರ್ ಕಳಿಸಿರು ಅಂದೆ, ಹತ್ತುತ್ತೇನೆ.