ಡ್ರಾಯರಿನಲ್ಲಿದ್ದ ಸಿ.ಡಿ.

೧೨ ಆಗಸ್ಟ್ ೨೦೦೬, ಶನಿವಾರ, ಸಂಡೂರು

ಎರ್ರಮ್ಮನಿಗೆ ಇವತ್ತು ಸುಳ್ಳು ಹೇಳಿದೆ.

ನಮ್ಮ ಪಾಲಿಟೆಕ್ನಿಕ್ಕಿನ ಲ್ಯಾಬಿಗೆ ಸರ್ಕ್ಯೂಟ್ ಕಲಿಸುವ ಸಾಫ್ಟ್‌ವೇರ್ ಆರಿಸಿದ್ದು ನಾನೇ. ಎರಡು ಸಿ.ಡಿ. ಬಂದಿದ್ದವು. ಒಂದರಲ್ಲಿ ಬಲ್ಬು, ಬ್ಯಾಟರಿಗಳ ಚಿತ್ರಗಳನ್ನು ಎಳೆದು ಜೋಡಿಸಿದರೆ ಸಾಕು. ಇನ್ನೊಂದರಲ್ಲಿ ಎಲ್ಲವನ್ನೂ ಇಂಗ್ಲಿಷಿನಲ್ಲಿ ಸಾಲುಸಾಲಾಗಿ ಟೈಪ್ ಮಾಡಬೇಕು. ಚಿತ್ರದ್ದು ಮಕ್ಕಳಾಟವೆಂದು ಪ್ರಿನ್ಸಿಪಾಲರು ನಕ್ಕಾರೆಂದು ಹೆದರಿ, ಕಷ್ಟದ್ದನ್ನೇ ಹಾಕಿಸಿದೆ.

ಪಕ್ಕದ ವಡ್ಡು ಹಳ್ಳಿಯಿಂದ ಬರುವ ಎರ್ರಮ್ಮ ವರ್ಷವಿಡೀ ಅದರ ಮುಂದೆ ಒದ್ದಾಡಿ ಪ್ರಾಕ್ಟಿಕಲ್‌ನಲ್ಲಿ ಫೇಲಾದಳು. ಇವತ್ತು ಟಿ.ಸಿ.ಗೆ ಅರ್ಜಿ ಹಿಡಿದು ಬಂದಳು.

"ಈ ವಿದ್ಯಾ ನನ್ನ ತಲಿಗೆ ಹತ್ತಂಗಿಲ್ರಿ ಸರ್."

ತಡೆಯಲಾರದೆ ಡ್ರಾಯರಿನಿಂದ ಚಿತ್ರದ ಸಿ.ಡಿ. ತೆಗೆದು ಹಾಕಿಕೊಟ್ಟೆ. ಹತ್ತೇ ನಿಮಿಷದಲ್ಲಿ ಪರದೆಯ ಮೇಲೆ ಬಲ್ಬು ಹೊತ್ತಿಸಿದಳು.

"ಇದು ಮೊದ್ಲ ಇರ್ಲಿಲ್ಲೇನ್ರಿ ಸರ್?"

"ಇಲ್ಲಮ್ಮ, ಈಗ ಬಂದದ್ದು."

"ನೀವು ಭಾಳ ಚಲೋರು ಸರ್. ನಮ್ಮ ಸಲುವಾಗಿ ತರಿಸೀರಿ" ಎಂದು ಅರ್ಜಿ ಹರಿದುಹಾಕಿ ಹೋದಳು.

ಅವಳು ಉಳಿದಳೆಂದು ಖುಷಿಪಡಬೇಕು, ಆಗುತ್ತಿಲ್ಲ. ಆ ಹೊಗಳಿಕೆಯನ್ನು ಬಾಯಿ ಮುಚ್ಚಿಕೊಂಡು ಕೇಳಿಸಿಕೊಂಡೆನಲ್ಲ. ಸೋಮವಾರ ಅವಳಿಗೆ ನಿಜ ಹೇಳಿಬಿಡಬೇಕು. ಆದರೆ ಅದೇ ಬ್ಯಾಚಿನ ಇನ್ನೂ ಮೂವರು ತಮ್ಮ ತಲೆಯೇ ಸರಿಯಿಲ್ಲವೆಂದು ನಂಬಿ ಹೋದ ತಿಂಗಳೇ ಟಿ.ಸಿ. ಒಯ್ದರು. ಅವರಿಗೆ ಯಾರು ಹೇಳಬೇಕು?